ಹನ್ನೆರಡು ಟನ್ನಿನ ವ್ಯಾಗನ್

ಸಹೋದರಿಯರೇ, ನಮ್ಮೆಲ್ಲರ ಮನೆಗಳಲ್ಲೂ ಕಪಾಟಿನ ಮೇಲೆ ಒಂದು ಜಾಗ ಇರುತ್ತದೆ. ದೂರದ ದೇಶದಿಂದ ಬಂದ, ಯಾರಿಗೂ ಬೇಡವಾದ, ಹಾಗೆಂದು ಎಸೆಯಲೂ ಮನಸ್ಸು ಬಾರದ ಉಡುಗೊರೆಗಳು ಅಲ್ಲಿ ಧೂಳು ತಿನ್ನುತ್ತ ಕುಳಿತಿರುತ್ತವೆ. ನಮ್ಮ ಮನೆಯ ಕಪಾಟಿನ ಮೇಲಿನಿಂದ ಇಳಿದು ಬಂದ ಒಂದು ಪೆಟ್ಟಿಗೆಯ ಕಥೆ ಈ ತಿಂಗಳು. ಕಥೆಯ ಅರ್ಧ ಭಾಗ ಅಂಟು, ಬಣ್ಣ, ಚಕ್ರಗಳದ್ದು. ಉಳಿದರ್ಧ ನನ್ನದು. ಅದನ್ನು ಬರೆಯಲೋ ಬೇಡವೋ ಎಂದು ಎರಡು ತಿಂಗಳು ಯೋಚಿಸಿದ್ದೇನೆ.

ಇಂಗ್ಲೆಂಡಿನಲ್ಲಿ ಕೆಲಸದಲ್ಲಿರುವ ನನ್ನ ಮೈದುನ ಕಳೆದ ವರ್ಷ ಈದ್‌ಗೆ ಬಂದಾಗ ಮಗನಿಗೆ ಒಂದು ಪೆಟ್ಟಿಗೆ, ಮಗಳಿಗೆ ಕೂದಲಿನ ಕ್ಲಿಪ್ಪುಗಳನ್ನು ತಂದಿದ್ದರು. ಪೆಟ್ಟಿಗೆಯ ಮೇಲೆ ರೈಲಿನ ಚಿತ್ರ. ಮಗ ಸಂಭ್ರಮದಿಂದ ತೆರೆದ. ಒಳಗೆ ರೈಲು ಇರಲಿಲ್ಲ. ಬೂದು ಬಣ್ಣದ ಪ್ಲಾಸ್ಟಿಕ್ ಚೌಕಟ್ಟುಗಳು, ಅವುಗಳಿಗೆ ಅಂಟಿಕೊಂಡ ಚಿಕ್ಕ ಚಿಕ್ಕ ತುಂಡುಗಳು, ಒಂದು ಪುಟ್ಟ ಚೀಲದಲ್ಲಿ ನಾಲ್ಕು ಚಕ್ರ, ಮಡಿಸಿದ ಒಂದು ಹಾಳೆ. "ಇದು ಓಡೋದಿಲ್ಲ?" ಎಂದು ಕೇಳಿ ಅವನು ಕ್ರಿಕೆಟ್ ಆಡಲು ಹೋದ. ಪೆಟ್ಟಿಗೆ ಕಪಾಟಿನ ಮೇಲೆ ಹೋಯಿತು. ಎಂಟನೆಯ ತರಗತಿಯಲ್ಲಿದ್ದ ಮಗಳು ಒಂದು ಭಾನುವಾರ ಸ್ಟೂಲ್ ಹಾಕಿಕೊಂಡು ಅದನ್ನು ಇಳಿಸಿದಳು. ಆ ಹುಡುಗಿಗೆ ಕ್ಲಿಪ್ಪುಗಳು ಬೇಕಾಗಿರಲಿಲ್ಲ ಎಂಬುದು ನಮಗೆ ತಿಳಿದದ್ದೇ ಆಗ.

ಕಿಟ್ ಅಂದರೆ ಹೊಲಿಯದ ಸಲ್ವಾರ್ ಸೂಟಿನ ಬಟ್ಟೆಯಂತೆ ಎಂದುಕೊಳ್ಳಿ. ಎಲ್ಲ ಇದೆ, ಏನೂ ಇಲ್ಲ. ಎರಡು ಪಕ್ಕದ ಗೋಡೆ, ಮುಂದೆ ಹಿಂದೆ ಒಂದೊಂದು ಗೋಡೆ, ನೆಲ, ಚಾವಣಿ, ನೆಲದಡಿ ಉದ್ದಕ್ಕೆ ಬರುವ ಎರಡು ತೊಲೆ, ಚಕ್ರದ ಅಚ್ಚು ಕೂರುವ ಕಾಲುಗಳು, ಬ್ರೇಕಿನ ಸನ್ನೆ, ತುದಿಯ ಬಫರುಗಳು. ಇವನ್ನೆಲ್ಲ ಚೌಕಟ್ಟಿನಿಂದ ಕತ್ತರಿಸಿ, ಅಂಚು ತೀಡಿ, ಅಂಟಿಸಿ, ಬಣ್ಣ ಹಚ್ಚಿದರೆ ಒಂದು ಸರಕು ಗಾಡಿ. ನಮ್ಮದು ಬ್ರಿಟನ್ನಿನ ಹಳೆಯ ಮಾದರಿಯ, ನಾಲ್ಕು ಚಕ್ರದ, ಮುಚ್ಚಿದ ವ್ಯಾಗನ್. ಅಸಲಿ ಗಾಡಿ ಹೊರುತ್ತಿದ್ದದ್ದು 12 ಟನ್.

ಇದರಲ್ಲಿ ಮಗಳನ್ನು ಹಿಡಿದು ನಿಲ್ಲಿಸಿದ್ದು ಅಳತೆ. ಅಸಲಿ ವಸ್ತುವಿನ ಒಂದು ಅಡಿ ಇಲ್ಲಿ 4 ಮಿಲಿಮೀಟರ್. ಅಂದರೆ 76ರಲ್ಲಿ ಒಂದು ಪಾಲು. ಹದಿನೇಳೂವರೆ ಅಡಿಯ ವ್ಯಾಗನ್ 70 ಮಿ.ಮೀ. ಆಗುತ್ತದೆ, ಹೆಚ್ಚುಕಡಿಮೆ ನಿಮ್ಮ ತೋರುಬೆರಳಿನಷ್ಟು. ಐದಡಿ ಎತ್ತರದ ನಾನು 20 ಮಿ.ಮೀ., ಒಂದು ಗುಂಡಿಯ ಎತ್ತರ! ಅವಳು ಒಂದು ವಾರ ಸ್ಕೇಲ್ ಹಿಡಿದು ಮನೆಯನ್ನೆಲ್ಲ ಕುಗ್ಗಿಸಿದಳು. ಗೋಳಗುಮ್ಮಟದ ಗುಮ್ಮಟಕ್ಕೆ ಹೊರಗಿನಿಂದ 44 ಮೀಟರ್ ವ್ಯಾಸ. 76ರಿಂದ ಭಾಗಿಸಿದರೆ 58 ಸೆಂಟಿಮೀಟರ್. "ಅಮ್ಮಿ, ನಮ್ಮ ಬಿರಿಯಾನಿ ದೇಗಿನ ಮುಚ್ಚಳದಷ್ಟು!" ಗಣಿತದ ಪುಸ್ತಕ ತೆರೆದರೆ ತಲೆನೋವು ಎನ್ನುತ್ತಿದ್ದ ಹುಡುಗಿ ಇವಳೇ. ಈಗಲೂ ಎನ್ನುತ್ತಾಳೆ, ಅದು ಬೇರೆ ಮಾತು.

ಉಪಕರಣಗಳಿಗಾಗಿ ಎಲ್ಲೂ ಹೋಗಬೇಕಾಗಲಿಲ್ಲ. ತುಂಡು ಕತ್ತರಿಸಲು ಕಾಗದದ ಕಟರ್, ಅಂಚು ತೀಡಲು ಉಗುರು ತೀಡುವ ಅರ, ಚಿಕ್ಕ ತುಂಡು ಹಿಡಿಯಲು ಹುಬ್ಬಿನ ಚಿಮಟ, ಅಂಟು ಆರುವವರೆಗೆ ಒತ್ತಿ ಹಿಡಿಯಲು ಬಟ್ಟೆ ಒಣಗಿಸುವ ಕ್ಲಿಪ್ಪು, ಅಂಟಿನ ಹನಿ ಇಡಲು ದುಪಟ್ಟಾದ ಪಿನ್ನು. ಮೆಹೆಂದಿ ಕೋನ್ ಹಿಡಿದು ಪಳಗಿದ ಕೈ ಇದಕ್ಕೆ ಎಷ್ಟು ಹೇಳಿ ಮಾಡಿಸಿದ್ದು ಎಂದರೆ, ಇದನ್ನು ಹುಡುಗರ ಆಟಿಕೆ ಎಂದು ಯಾರು ತೀರ್ಮಾನಿಸಿದರೋ ಎಂದು ನನಗೆ ಅಚ್ಚರಿ.

ಆದರೂ ಮೊದಲ ಸಲ ಕೆಡಿಸಿದೆವು. ಕ್ಷಣದಲ್ಲಿ ಹಿಡಿಯುವ ಅಂಟು ಮನೆಯಲ್ಲಿತ್ತು; ಅದನ್ನೇ ಹಾಕಿದೆವು. ಅದು ಹಿಡಿದ ಮೇಲೆ ಬಿಡುವುದಿಲ್ಲ, ಒಂದು ಕೂದಲೆಳೆಯಷ್ಟೂ ಸರಿಸಲು ಆಗುವುದಿಲ್ಲ. ಒಂದು ಕಾಲು ಓರೆಯಾಗಿ ಕೂತಿತು. ವ್ಯಾಗನ್ ನೆಲದ ಮೇಲಿಟ್ಟರೆ ಮೂರು ಚಕ್ರ ನೆಲಕ್ಕೆ, ಒಂದು ಗಾಳಿಗೆ. ಕುಂಟು ಮಣೆಯಂತೆ ಟಕ್ ಟಕ್. ಮೇಲಾಗಿ ಆ ಅಂಟಿನ ಆವಿಗೆ ಪ್ಲಾಸ್ಟಿಕ್ಕಿನ ಮೇಲೆ ಬಿಳಿ ಮಬ್ಬು. ಮಗಳು ಅತ್ತಳು. ನಾನು ಕಟರಿನಿಂದ ಕಾಲನ್ನು ಬಿಡಿಸಿ, ತೀಡಿ, ಮತ್ತೆ ಕೂರಿಸಿದೆ.

ಪ್ಲಾಸ್ಟಿಕ್ ಕಿಟ್‌ಗಳಿಗೆ ಬೇಕಾದದ್ದು ಬೇರೆ ದ್ರವ. ಅದು ಅಂಟುವುದಲ್ಲ, ಎರಡೂ ತುಂಡುಗಳ ಮೇಲ್ಮೈಯನ್ನು ತುಸು ಕರಗಿಸಿ ಒಂದಾಗಿಸುತ್ತದೆ. ಆರುವ ಮುನ್ನ ಒಂದೆರಡು ನಿಮಿಷ ಸಮಯ ಕೊಡುತ್ತದೆ, ನೇರ ಮಾಡಿಕೊಳ್ಳಬಹುದು. ಅದು ಸಿಗದಿದ್ದರೆ ಉಗುರು ಬಣ್ಣ ತೆಗೆಯುವ ಅಸಿಟೋನ್ ಹಾಕೋಣವೇ ಎಂದು ನಿಮಗೆ ಅನ್ನಿಸಬಹುದು. ಬೇಡ. ಅದು ಈ ಪ್ಲಾಸ್ಟಿಕ್ಕನ್ನು ಅತಿಯಾಗಿ ಕರಗಿಸಿ ಲೋಳೆ ಮಾಡಿಬಿಡುತ್ತದೆ. ಯಾವ ದ್ರವವಾದರೂ ಕಿಟಕಿ ತೆರೆದಿಟ್ಟು, ದೊಡ್ಡವರು ಪಕ್ಕದಲ್ಲಿದ್ದು ಬಳಸಬೇಕು. ಅಂಬೆಗಾಲಿಡುವ ಮಗು ಇರುವ ಮನೆಯಲ್ಲಿ ಈ ಚಕ್ರ, ಬಫರುಗಳನ್ನು ಡಬ್ಬಿಯಲ್ಲಿ ಹಾಕಿ ಮುಚ್ಚಿಡಿ. ನೇರ ಬಾಯಿಗೆ ಹೋಗುವ ಗಾತ್ರ ಅವು.

ನೇರ ಕೂತಿದೆಯೋ ಇಲ್ಲವೋ ನೋಡಲು ಫೋಟೋ ಫ್ರೇಮಿನ ಗಾಜು ತೆಗೆದು ಅದರ ಮೇಲೆ ಇಟ್ಟು ನೋಡುತ್ತಿದ್ದೆವು. ಮನೆಯಲ್ಲಿ ಗಾಜಿನಷ್ಟು ಸಮವಾದ ನೆಲ ಮತ್ತೊಂದಿಲ್ಲ. ಚಕ್ರದ ಅಚ್ಚಿನ ತುದಿ ಸೂಜಿಯಂತೆ ಚೂಪಾಗಿರುತ್ತದೆ. ಅದು ಕಾಲಿನೊಳಗಿನ ಹಿತ್ತಾಳೆಯ ಪುಟ್ಟ ಬಟ್ಟಲಿನಲ್ಲಿ ತಿರುಗುತ್ತದೆ. ಸರಿಯಾಗಿ ಕೂತರೆ, ಉಫ್ ಎಂದು ಊದಿದರೂ ಗಾಡಿ ಓಡುತ್ತದೆ. ಅದೇ ಅದರ ದೋಷವೂ ಹೌದು, ಹಗುರಾದರೆ ಹಳಿ ತಪ್ಪುತ್ತದೆ. ಒಂದು ಅಚ್ಚಿಗೆ 25 ಗ್ರಾಂ ತೂಕ ಇರಬೇಕು ಎಂಬುದು ಬ್ರಿಟನ್ನಿನ ಹವ್ಯಾಸಿಗಳ ಲೆಕ್ಕ. ಎರಡು ಅಚ್ಚಿಗೆ 50 ಗ್ರಾಂ. ನಾವು ಕಬ್ಬಿಣದ ವಾಷರುಗಳನ್ನು ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ ತಂದು ನೆಲದ ಮೇಲೆ ಅಂಟಿಸಿದೆವು. ಅಂಗಡಿಯವರು "ಏನ್ರಿ ಬಾಯಿ, ವಾಷರಿನ ಪಲ್ಯ ಮಾಡತೀರೇನು?" ಎಂದರು. ಕೊನೆಗೆ ಇಟ್ಟಿಗೆಗಂದು ಬಣ್ಣ ಹಚ್ಚಿದೆವು. ಚಾವಣಿಯನ್ನು ಅಂಟಿಸದೆ ಬರೀ ಇಟ್ಟೆವು, ಒಳಗೆ ನೋಡಲು ಆಗಲಿ ಎಂದು.

ಇಲ್ಲಿಯವರೆಗಿನದು ಸುಲಭದ ಭಾಗ.

ಟಿಕೋಟಾದಲ್ಲಿ ತಮ್ಮನ ಮನೆಯಲ್ಲಿರುವ ನನ್ನ ಅಬ್ಬಾ ಕಣ್ಣು ತೋರಿಸಲು ಆ ವಾರ ವಿಜಯಪುರಕ್ಕೆ ಬಂದಿದ್ದರು. ಬಬಲೇಶ್ವರದಿಂದ ನಮ್ಮ ಅತ್ತೆಯೂ ಬಂದಿದ್ದರು. ಟಿಕೋಟಾದವರಿಗೂ ಬಬಲೇಶ್ವರದವರಿಗೂ ರೈಲು ಅಂದರೆ ವಿಜಯಪುರ. ಎರಡೂ ಈಗ ತಾಲ್ಲೂಕು ಕೇಂದ್ರಗಳಾಗಿವೆ, ಆದರೆ ಹಳಿ ಅತ್ತ ಹೋಗಿಲ್ಲ. ಟಿಕೋಟಾದ ಒಣದ್ರಾಕ್ಷಿ ಇಂದಿಗೂ ಊರು ಬಿಡುವುದು ಲಾರಿಯಲ್ಲೇ.

ಅಬ್ಬಾ ವ್ಯಾಗನ್ನನ್ನು ಅಂಗೈಯಲ್ಲಿಟ್ಟುಕೊಂಡು, ತಿರುವಿ, ಚಕ್ರಗಳ ನಡುವೆ ಹೆಬ್ಬೆರಳಿಟ್ಟು ನೋಡಿದರು. "ಇದು ಮೀಟರ್ ಗೇಜ್ ಅಲ್ಲ. ಬ್ರಾಡ್ ಗೇಜೂ ಅಲ್ಲ. ಯಾವ ಊರಿನ ಗಾಡಿ ಬೇಟಾ ಇದು?"

ಮಗಳು ಕಾಗದದ ಮೇಲೆ ಗುಣಿಸಿದಳು. ಚಕ್ರ ಓಡುವ ಹಳಿಯ ಅಗಲ ಹದಿನಾರೂವರೆ ಮಿ.ಮೀ. ಅದನ್ನು 76ರಿಂದ ಗುಣಿಸಿದರೆ 1,254. ನಮ್ಮ ಮೀಟರ್ ಗೇಜ್ 1,000 ಮಿ.ಮೀ., ಬ್ರಾಡ್ ಗೇಜ್ 1,676. ಅಬ್ಬಾ ಹೇಳಿದಂತೆಯೇ, ಎರಡೂ ಅಲ್ಲ. ಬ್ರಿಟನ್ನಿನ ಗೇಜ್ 1,435, ಅದೂ ಅಲ್ಲ! ಆಮೇಲೆ ಮೈದುನನನ್ನು ಫೋನಿನಲ್ಲಿ ಕೇಳಿದಾಗ ಗೊತ್ತಾಯಿತು: ಅಲ್ಲಿನವರು ಬಹಳ ಹಿಂದೆ ಗಾಡಿಯನ್ನು 76ರ ಅಳತೆಗೆ, ಹಳಿಯನ್ನು 87ರ ಅಳತೆಗೆ ಮಾಡಿಕೊಂಡು ಹಾಗೆಯೇ ಉಳಿಸಿಕೊಂಡಿದ್ದಾರಂತೆ. ಗಾಡಿಗೆ ಹಳಿ ಎರಡು ಮಿಲಿಮೀಟರಿಗೂ ಹೆಚ್ಚು ಕಿರಿದು. ಲಕ್ಷಾಂತರ ಜನ ದಿನವೂ ನೋಡಿಯೂ ಗಮನಿಸದ್ದನ್ನು ಕಣ್ಣಿಗೆ ಪೊರೆ ಬಂದ ಮುದುಕರು ಹೆಬ್ಬೆರಳಿನಿಂದ ಹಿಡಿದಿದ್ದರು.

ಮಗಳಿಗೆ ಸಂತೋಷವೋ ಸಂತೋಷ. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಈ ವ್ಯಾಗನ್ ಇಡುವುದೆಂದು ತೀರ್ಮಾನವಾಗಿತ್ತು. ಪಕ್ಕದಲ್ಲಿಡುವ ಕಾರ್ಡಿನ ಮೇಲೆ ಬರೆಯಲು ಪೆನ್ನು ಹಿಡಿದು ಕೇಳಿದಳು: "ನಾನಾ, ನೀವು ರೈಲ್ವೆದಾಗ ಯಾವ ಪೋಸ್ಟದಾಗ ಇದ್ರಿ? ಗಾರ್ಡಾ, ಮಾಸ್ತರಾ?"

ಈಗ ನನ್ನ ಭಾಗಕ್ಕೆ ಬರುತ್ತೇನೆ.

ಹತ್ತೊಂಬತ್ತು ವರ್ಷಗಳ ಹಿಂದೆ ನನ್ನ ಸಂಬಂಧದ ಮಾತು ನಡೆದಾಗ ನಡುವೆ ನಿಂತವರು "ಹುಡುಗಿಯ ತಂದೆ ರೈಲ್ವೆದಾಗ ಅದಾರ" ಎಂದಿದ್ದರು. ಸುಳ್ಳು ಎನ್ನುವಂತಿರಲಿಲ್ಲ. ಅಬ್ಬಾ ದಿನವೂ ವಿಜಯಪುರದ ಗೂಡ್ಸ್ ಶೆಡ್ಡಿಗೇ ಹೋಗುತ್ತಿದ್ದರು. ಆದರೆ ಹೋಗುತ್ತಿದ್ದದ್ದು ಚೀಲ ಇಳಿಸಲು. ಅಬ್ಬಾ ಹಮಾಲರು. ಹಮಾಲರು ರೈಲ್ವೆಯ ನೌಕರರಲ್ಲ. ಗುತ್ತಿಗೆದಾರರ, ವ್ಯಾಪಾರಿಗಳ ಕೈಕೆಳಗೆ ಚೀಲದ ಲೆಕ್ಕದಲ್ಲಿ ಕೂಲಿ. ಪಗಾರ ಇಲ್ಲ, ರಜೆ ಇಲ್ಲ, ಪೆನ್ಶನ್ ಇಲ್ಲ. ನಿಕಾಹ್ ಆಗಿ ಬಂದ ಮೊದಲ ವರ್ಷ ಅತ್ತೆ ಒಮ್ಮೆ, "ನಿಮ್ಮ ಅಬ್ಬಾಗ ಮುಂದ ರೈಲ್ವೆ ಪೆನ್ಶನ್ ಬರತೈತಿ, ಚಿಂತಿ ಇಲ್ಲ ಬಿಡು" ಎಂದರು. ನಾನು "ಹ್ಞೂಂ" ಎಂದೆ. ಒಂದೇ ಅಕ್ಷರ. ಅದನ್ನು ಹತ್ತೊಂಬತ್ತು ವರ್ಷ ಹೊತ್ತೆ. ಹಲಾಲ್ ದುಡಿಮೆಯ ಬರಕತ್ ಬಗ್ಗೆ ಎಷ್ಟು ವಾಜ್ ಕೇಳಿರುತ್ತೇವೆ, ಹಾಗೆ ಬೆವರು ಹರಿಸಿ ದುಡಿದವರ ಬಗ್ಗೆ ಕಣ್ಣೀರು ತಂದುಕೊಂಡಿರುತ್ತೇವೆ; ಸಂಬಂಧದ ಮಾತು ಬಂದಾಗ ಮಾತ್ರ ಹಮಾಲ ಎಂಬ ಶಬ್ದ ಬಾಯಿಯಿಂದ ಹೊರಡುವುದಿಲ್ಲ.

ಆ "ಹ್ಞೂಂ"ಗೆ ಬೆಲೆಯೂ ಇತ್ತು. ಪೆನ್ಶನ್ ಬರುವವರ ಔಷಧಿಯ ಖರ್ಚಿನ ಬಗ್ಗೆ ಅಳಿಯನಿಗೆ ಏಕೆ ಹೇಳಬೇಕು? ಅಬ್ಬಾರ ಬೆನ್ನಿನ ಚಿಕಿತ್ಸೆ, ಸಕ್ಕರೆ ಕಾಯಿಲೆಯ ಗುಳಿಗೆ, ಎಲ್ಲ ದ್ರಾಕ್ಷಿ ತೋಟದಲ್ಲಿ ಕೂಲಿ ಮಾಡುವ ನನ್ನ ತಮ್ಮನ ಮೇಲೆ ಬಿತ್ತು. ನಾನು ಮನೆ ಖರ್ಚಿನಲ್ಲಿ ಉಳಿಸಿದ ನೂರು ಇನ್ನೂರನ್ನು ಯಾರಿಗೂ ತಿಳಿಯದಂತೆ ಕಳಿಸುತ್ತಿದ್ದೆ. ನನ್ನ ಗಂಡ ಕೆಟ್ಟವರಲ್ಲ. ಕೇಳಿದ್ದರೆ ಕೊಡುತ್ತಿದ್ದರು. ಕೇಳುವ ಬಾಯಿಯನ್ನು ನಾನೇ ಹೊಲಿದುಕೊಂಡಿದ್ದೆ.

ಆ ದಿನ ಅಬ್ಬಾ ನನ್ನ ಮುಖ ನೋಡಿದರು. ನಾನು ಒಲೆಯ ಕಡೆ ತಿರುಗಿದೆ. ಅತ್ತೆ ಕಟ್ಟೆಯ ಮೇಲೆ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದರು.

"ನಾ ಯಾವ ಪೋಸ್ಟದಾಗೂ ಇರಲಿಲ್ಲ ಬೇಟಾ," ಎಂದರು ಅಬ್ಬಾ. "ಹಮಾಲ ಇದ್ದೆ. ಗಾಡಿ ರೈಲ್ವೆದು, ಚೀಲ ವ್ಯಾಪಾರಿದು, ಬೆನ್ನು ನಂದು."

ಮೊರದ ಸದ್ದು ನಿಂತಿತು. ಮಗಳಿಗೆ ಇದರಲ್ಲಿ ಬೆಚ್ಚಿಬೀಳುವಂಥದ್ದು ಏನೂ ಕಾಣಿಸಲಿಲ್ಲ. "ಅಂದ್ರ ಇದರ ಒಳಗ ಹೋಗಿರಿ? ಒಳಗ ಹೆಂಗಿರತೈತಿ?" ಎಂದಳು.

ಆಮೇಲೆ ಅಬ್ಬಾ ಮಾತಾಡಿದರು. ನನ್ನ ಬಾಲ್ಯದಲ್ಲಿ ನಮ್ಮೊಡನೆ ಒಮ್ಮೆಯೂ ಆಡದ ಮಾತುಗಳು. ಬೇಸಿಗೆಯಲ್ಲಿ ಬಾಗಿಲು ತೆರೆದರೆ ಮುಖಕ್ಕೆ ಬಡಿಯುವ ಕಬ್ಬಿಣದ ಕಾವು. ಕಟ್ಟೆಗೂ ಗಾಡಿಗೂ ನಡುವೆ ಹಾಕುವ ಹಲಗೆ. ಹೊರೆಯೊಡನೆ ಅದರ ಮೇಲೆ ಹೆಜ್ಜೆ ಇಟ್ಟರೆ ಅದು ಬಳುಕುವ ತಾಳ, ಆ ತಾಳಕ್ಕೆ ಕಾಲು ಕೂಡಿಸದಿದ್ದರೆ ಬೀಳುವುದೇ. ಖಾಲಿ ಚೀಲವನ್ನು ಮೂಲೆ ಮಡಚಿ ತಲೆಯಿಂದ ಬೆನ್ನಿನವರೆಗೆ ಹೊದೆಯುವ ರೀತಿ. ಸಿಮೆಂಟಿನ ದಿನ ಕೆಮ್ಮು, ಗೊಬ್ಬರದ ದಿನ ಕಣ್ಣುರಿ. ರೇಕ್ ಬಂದರೆ ಇಂತಿಷ್ಟು ತಾಸಿನೊಳಗೆ ಖಾಲಿ ಮಾಡಲೇಬೇಕು, ಇಲ್ಲವಾದರೆ ವ್ಯಾಪಾರಿಗೆ ಡೆಮರೇಜ್ ದಂಡ; ಹಾಗಾಗಿ ರಾತ್ರಿಯೆಲ್ಲ ದೀಪದ ಕೆಳಗೆ ಕೆಲಸ, ಫಜರ್ ಅಜಾನ್ ಕೇಳಿದಾಗ ಇನ್ನೂ ಹತ್ತು ಗಾಡಿ ಬಾಕಿ. ರಮಜಾನಿನಲ್ಲಿ ರೇಕ್ ಬಂದರೆ ಏನು ಮಾಡುತ್ತಿದ್ದಿರಿ ಎಂದು ಮಗಳು ಕೇಳಿದಳು. ಅಬ್ಬಾ ಉತ್ತರಿಸಲಿಲ್ಲ.

ಮೀಟರ್ ಗೇಜಿನ ಕಾಲವನ್ನೂ ಹೇಳಿದರು. ಹೋಟಗಿಯಿಂದ ವಿಜಯಪುರದ ಮೇಲೆ ಗದಗಿಗೆ ಹೋಗುವ ನಮ್ಮ ಹಳಿ 1884ರಲ್ಲಿ ಸದರ್ನ್ ಮರಾಠಾ ರೈಲ್ವೆ ಹಾಕಿದ್ದು. 1876-78ರ ಭೀಕರ ಬರದ ನಂತರ, ಈ ಒಣ ಸೀಮೆಗೆ ಧಾನ್ಯ ತಲುಪಿಸಲು ದಾರಿ ಬೇಕೆಂದು ಬಂದ ಮೀಟರ್ ಗೇಜ್ ಅದು. ಮುಂಬೈ-ಮದ್ರಾಸ್ ಕಡೆಯ ದೊಡ್ಡ ಹಳಿ ಬ್ರಾಡ್ ಗೇಜ್. ಆ ಹಳಿಯ ಗಾಡಿ ಈ ಹಳಿಯ ಮೇಲೆ ಓಡುವಂತಿಲ್ಲ. ಎರಡು ಗೇಜ್ ಕೂಡುವಲ್ಲಿ ಪ್ರತಿಯೊಂದು ಚೀಲವನ್ನೂ ಒಂದು ಗಾಡಿಯಿಂದ ಇಳಿಸಿ ಇನ್ನೊಂದಕ್ಕೆ ಏರಿಸಬೇಕಿತ್ತು. 2000ದ ದಶಕದಲ್ಲಿ ಗೇಜ್ ಬದಲಾಗಿ ಹಳಿ ಒಂದಾಯಿತು. ಊರಿಗೆಲ್ಲ ಸಂತೋಷ. ಇಳಿಸಿ ಏರಿಸುತ್ತಿದ್ದ ಹಮಾಲರ ಅರ್ಧ ಕೂಲಿ ಹೋಯಿತು ಎಂದು ಅಂದು ಯಾರೂ ಬರೆದದ್ದು ನನಗೆ ನೆನಪಿಲ್ಲ.

"ಈ ಗಾಡಿ ಎಷ್ಟು ಹೊರತೈತಿ?" ಎಂದು ಅಬ್ಬಾ ಕೇಳಿದರು. 12 ಟನ್ ಎಂದಾಗ ನಕ್ಕರು. "ಅಷ್ಟೇನಾ? 50 ಕಿಲೋದ 240 ಚೀಲ. ನಾಲ್ಕು ಮಂದಿಗೆ ಒಂದು ಮುಂಜಾನಿ." ಈಗಿನ ಎಂಟು ಚಕ್ರದ ಮುಚ್ಚಿದ ವ್ಯಾಗನ್ನಿಗೆ ಸುಮಾರು 60 ಟನ್, ಅಂದರೆ 1,200 ಚೀಲ. ಅಂಥ 40ಕ್ಕೂ ಹೆಚ್ಚು ಗಾಡಿ ಸೇರಿ ಒಂದು ರೇಕ್.

ಮಗಳು ಮತ್ತೆ ಲೆಕ್ಕಕ್ಕೆ ಕುಳಿತಳು. ಉದ್ದ 76ರಲ್ಲಿ ಒಂದು ಪಾಲು, ಅಗಲವೂ, ಎತ್ತರವೂ. ಆದ್ದರಿಂದ ತೂಕ 76ನ್ನು ಮೂರು ಸಲ ಗುಣಿಸಿದರೆ ಬರುವ 4,38,976ರಲ್ಲಿ ಒಂದು ಪಾಲು. 12 ಟನ್ ಸರಕು ಹೀಗೆ ಕುಗ್ಗಿದರೆ ಸುಮಾರು 27 ಗ್ರಾಂ, ಎರಡು ದೊಡ್ಡ ಚಮಚ ಸಕ್ಕರೆ. 50 ಕಿಲೋದ ಒಂದು ಚೀಲ 0.11 ಗ್ರಾಂ. "ಅಂದ್ರ ಎಷ್ಟು?" ಎಂದರು ಅಬ್ಬಾ. ಯಾರಿಗೂ ಗೊತ್ತಿರಲಿಲ್ಲ. ಆಗ ಅತ್ತೆ ಮೊದಲ ಬಾರಿಗೆ ಬಾಯಿ ತೆರೆದರು. "ಐದಾರು ಅಕ್ಕಿ ಕಾಳು ಆದೀತು," ಎಂದು ಮೊರದಿಂದ ಎಣಿಸಿ ಅಬ್ಬಾರ ಅಂಗೈಗೆ ಹಾಕಿದರು.

ಅಬ್ಬಾ ಕಾಳುಗಳನ್ನು ಬಹಳ ಹೊತ್ತು ನೋಡಿ, "ಮೊದಲು ಕ್ವಿಂಟಲ್ ಚೀಲ ಇದ್ದವು ಬೀಗರ," ಎಂದು ಕೈ ಚಾಚಿದರು. ಅತ್ತೆ ಇನ್ನೂ ಐದು ಹಾಕಿದರು.

ಇದನ್ನು ಓದಿ ಎಲ್ಲ ಸರಿಹೋಯಿತು ಎಂದುಕೊಳ್ಳಬೇಡಿ. ಅಬ್ಬಾ ಟಿಕೋಟಾಕ್ಕೆ ಹೋದ ಮೇಲೆ ಅತ್ತೆ ನನ್ನನ್ನು ಕರೆದು, "ಹಮಾಲಿ ಮಾಡಿದ್ದಕ್ಕ ನನಗೇನೂ ಇಲ್ಲ. ನನ್ನ ತಂದಿ ಎತ್ತಿನ ಗಾಡಿ ಹೊಡೀತಿದ್ದರು. ನೀ ಹತ್ತೊಂಬತ್ತು ವರ್ಷ ನನ್ನ ಮುಂದ ಕುಂತು ಹೇಳಲಿಲ್ಲಲ್ಲ, ಅದಕ್ಕ," ಎಂದರು. ಮಾರನೆಯ ದಿನವೇ ಬಬಲೇಶ್ವರಕ್ಕೆ ಹೊರಟರು. ಆ ಬಿಗುವು ಇನ್ನೂ ಪೂರ್ತಿ ಹೋಗಿಲ್ಲ. ಗಂಡ ಕೇಳಿದ್ದು ಒಂದೇ ಪ್ರಶ್ನೆ: "ಹಂಗಾದ್ರ ಔಷಧಕ್ಕ ರೊಕ್ಕ ಯಾರು ಕೊಡತಿದ್ರು?" ಹೇಳಿದೆ. ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ತಮ್ಮನಿಗೆ ಫೋನ್ ಮಾಡಿ ಗುಳಿಗೆಗಳ ಹೆಸರು ಬರೆದುಕೊಂಡರು. ಈಗ ತಿಂಗಳಿಗೊಮ್ಮೆ ತಾವೇ ಟಿಕೋಟಾಕ್ಕೆ ಹೋಗಿ ಕೊಟ್ಟು ಬರುತ್ತಾರೆ. ನನ್ನ ಕೈಗೆ ಕೊಡುವುದಿಲ್ಲ.

ಇನ್ನೊಂದು ಕೆಲಸವೂ ಆಯಿತು. ಹಿರಿಯರಿಗಾಗಿ ರಾಜ್ಯ ಸರಕಾರದ ಸಂಧ್ಯಾ ಸುರಕ್ಷಾ ಪಿಂಚಣಿ ಇದೆ. 65 ದಾಟಿದ ಅಸಂಘಟಿತ ಕಾರ್ಮಿಕರೂ ಅದಕ್ಕೆ ಅರ್ಜಿ ಹಾಕಬಹುದು. ಅಬ್ಬಾ ಇಷ್ಟು ದಿನ ಹಾಕಿರಲಿಲ್ಲ. "ನಿನ್ನ ಅತ್ತಿ ಮನಿಯವರಿಗೆ ಗೊತ್ತಾದ್ರ?" ಎಂದು ತಮ್ಮನೆದುರು ಹೇಳುತ್ತಿದ್ದರಂತೆ. ನನ್ನ ಸುಳ್ಳನ್ನು ಅವರೂ ಕಾಯುತ್ತಿದ್ದರು. ಈಗ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟಿದ್ದೇವೆ. ನಿಮ್ಮ ಮನೆಯಲ್ಲಿ ದುಡಿಯುವ ವಯಸ್ಸಿನ ಹಮಾಲರು, ಮನೆಗೆಲಸದವರು, ಟೇಲರುಗಳು ಇದ್ದರೆ ಕೇಳಿ ನೋಡಿ: 2021ರಲ್ಲಿ ಶುರುವಾದ ಇ-ಶ್ರಮ್ ನೋಂದಣಿ ಮಾಡಿಸಿದ್ದಾರೆಯೇ, ಕರ್ನಾಟಕ ರಾಜ್ಯ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಮಂಡಳಿಯ ಗುರುತಿನ ಚೀಟಿ ಇದೆಯೇ. ಆ ಮಂಡಳಿಯ ಪಟ್ಟಿಯಲ್ಲಿ ಹಮಾಲರ ಹೆಸರು ಸ್ಪಷ್ಟವಾಗಿ ಇದೆ. ಇ-ಶ್ರಮ್‌ಗೆ 59 ದಾಟಿರಬಾರದು.

ವ್ಯಾಗನ್ನಿಗೆ ಮರಳೋಣ. ಕಿಟ್ ಸಿಗುವುದಿಲ್ಲ, ದುಬಾರಿ ಎಂದು ನೀವು ಬೇಸರಪಡಬೇಕಾಗಿಲ್ಲ. ಮದುವೆ ಕಾರ್ಡುಗಳು ಇದ್ದೇ ಇವೆಯಲ್ಲ! ದಪ್ಪ ಕಾರ್ಡು, ಅಂಟು, ಸ್ಕೇಲ್ ಇದ್ದರೆ ಸಾಕು. ನಮ್ಮ ಜಿಲ್ಲೆಯ ಕೂಡಗಿಯ 2,400 ಮೆಗಾವಾಟ್ ವಿದ್ಯುತ್ ಸ್ಥಾವರಕ್ಕೆ ಕಲ್ಲಿದ್ದಲು ತರುವ ಸಾಲು ಗಾಡಿಗಳನ್ನು ನೋಡಿರುತ್ತೀರಿ. ಆ ತೆರೆದ ವ್ಯಾಗನ್ನಿಗೆ ಬಾಕ್ಸ್-ಎನ್ ಎಂದು ಹೆಸರು. ಡಬ್ಬಿಯ ಉದ್ದ 9,784 ಮಿ.ಮೀ., ಅಗಲ 3,200, ಹಳಿಯಿಂದ ಎತ್ತರ 3,225. ನಮ್ಮ ಅಳತೆಗೆ ಇಳಿಸಿದರೆ ಉದ್ದ 129, ಅಗಲ 42, ಎತ್ತರವೂ 42. ಒಂದು ಮೀಟರ್ ವ್ಯಾಸದ ಎಂಟು ಚಕ್ರಗಳು 13 ಮಿ.ಮೀ. ಆಗುತ್ತವೆ, ಅಂಗಿಯ ಗುಂಡಿಗಳನ್ನೇ ಅಂಟಿಸಬಹುದು. ಓಡುವುದಿಲ್ಲ, ನೋಡಲು ಚೆಂದ. ಒಲೆಯ ಇದ್ದಿಲನ್ನು ಕುಟ್ಟಿ ತುಂಬಿದರೆ ಕಲ್ಲಿದ್ದಲು ಸಿದ್ಧ. ನಿಮ್ಮ ಮಗು ಗೇಟಿನ ಹತ್ತಿರ ನಿಂತು ಇಂಥ ಗಾಡಿಗಳನ್ನು ಎಣಿಸಿ 58, 59 ಎಂದರೆ ನಂಬಿ. ಒಂದು ಸಾಲಿನಲ್ಲಿ ಅಷ್ಟೇ ಇರುತ್ತವೆ.

ರಜೆಯಲ್ಲಿ ಪುಣೆಗೆ ಹೋಗುವವರು ಕೋಥ್ರುಡ್‌ನಲ್ಲಿ ಭಾವು ಜೋಶಿ ಎಂಬವರು ಕಟ್ಟಿ 1998ರಲ್ಲಿ ತೆರೆದ ಪುಟಾಣಿ ರೈಲುಗಳ ಸಂಗ್ರಹಾಲಯ ನೋಡಿ ಬನ್ನಿ. ಒಂದೇ ಕೋಣೆಯಲ್ಲಿ ಇಡೀ ಊರು. ಅಸಲಿ ಗಾಡಿಗಳೇ ಬೇಕೆಂದರೆ ಹುಬ್ಬಳ್ಳಿಯಲ್ಲಿ 2020ರಿಂದ ರೈಲ್ವೆ ಸಂಗ್ರಹಾಲಯವಿದೆ, ಮೈಸೂರಿನದು 1979ರಷ್ಟು ಹಳೆಯದು.

ಪ್ರದರ್ಶನದಲ್ಲಿ ಮಗಳ ವ್ಯಾಗನ್ನಿಗೆ ಬಹುಮಾನ ಬರಲಿಲ್ಲ. ಜ್ವಾಲಾಮುಖಿ ಮಾಡಿದ ಹುಡುಗನಿಗೆ ಬಂತು. ಕಾರ್ಡಿನ ಮೇಲೆ ಅವಳು ಬರೆದದ್ದು ಹೀಗೆ: "ಮಾಹಿತಿ ನೀಡಿದವರು ನನ್ನ ನಾನಾ. ಇವರು ವಿಜಯಪುರ ಗೂಡ್ಸ್ ಶೆಡ್ಡಿನಲ್ಲಿ 31 ವರ್ಷ ಹಮಾಲರಾಗಿದ್ದರು." ಅಕ್ಷರ ತಪ್ಪಿದೆಯೇ ನೋಡಿಕೊಡು ಎಂದು ನನ್ನ ಕೈಗೇ ಕೊಟ್ಟಳು. ತಪ್ಪಿರಲಿಲ್ಲ.

ಈಗ ಅವಳು ಚೀಲ ಮಾಡುತ್ತಿದ್ದಾಳೆ. ಎರಡೂವರೆ ಅಡಿಯ ಚೀಲ 10 ಮಿ.ಮೀ. ಎಂ-ಸೀಲ್ ಕಣಕದ ಪುಟ್ಟ ಉಂಡೆಯನ್ನು ಒತ್ತಿ, ಅದರ ಮೇಲೆ ಬ್ಯಾಂಡೇಜ್ ಬಟ್ಟೆಯನ್ನು ಅದುಮಿ ತೆಗೆದರೆ ಗೋಣಿಯ ನೇಯ್ಗೆಯ ಗುರುತು ಮೂಡುತ್ತದೆ. ಕೈಗೆ ಗ್ಲೌಸ್ ಹಾಕಿಕೊಂಡೇ ಮಾಡಬೇಕು. 240 ಆಗಬೇಕು, 96 ಆಗಿವೆ. ವ್ಯಾಗನ್ನಿನ ಒಂದು ಬಾಗಿಲನ್ನು ಕತ್ತರಿಸಿ ತೆರೆದಿಟ್ಟಿದ್ದೇವೆ, ಐಸ್‌ಕ್ರೀಮಿನ ಕಡ್ಡಿಯನ್ನು ಸೀಳಿ ಹಲಗೆ ಹಾಕಿದ್ದೇವೆ.

ಕಳೆದ ವಾರ ಅದರ ಫೋಟೋ ತಮ್ಮನ ಮೊಬೈಲಿಗೆ ಕಳಿಸಿದೆವು. ರಾತ್ರಿ ಅಬ್ಬಾರ ಫೋನ್ ಬಂತು. ಚೀಲ ಎಲ್ಲ ಒಂದೇ ಕಡೆ ಮುಖ ಮಾಡಿ ಇಟ್ಟೀರಿ, ಗಾಡಿ ಹೊರಟರ ಜಾರತಾವು. ಒಂದು ಸಾಲು ಉದ್ದ, ಒಂದು ಸಾಲು ಅಡ್ಡ ಇಡಬೇಕು. ಬಾಗಿಲ ಎದುರಿನ ಜಾಗ ಕಡೀಕ ತುಂಬಬೇಕು, ಎಂದರು. ಮಗಳು 96 ಚೀಲಗಳನ್ನೂ ಚಿಮಟದಿಂದ ಒಂದೊಂದಾಗಿ ತೆಗೆದು ತಟ್ಟೆಯಲ್ಲಿ ಹಾಕಿಕೊಂಡಳು. ಅತ್ತೆ ಆ ದಿನ ಬಬಲೇಶ್ವರದಿಂದ ಬಂದಿದ್ದರು. ಕನ್ನಡಕ ಹಾಕಿಕೊಂಡು ಅವಳ ಪಕ್ಕ ಕುಳಿತು, "ಮೊದಲ ಸಾಲು ಉದ್ದ ಅಂದ್ರೋ, ಅಡ್ಡ ಅಂದ್ರೋ?" ಎಂದು ಕೇಳಿದರು.